ಸೊಂಟದ ಚಾಕು, ನಮ್ಮ ಸೀಮೆ ಉಕ್ಕು

ಈ ಸಲ ಬೆಳೆ ವಿಚಾರ ಇಲ್ಲ, ಚಾಕಿನ ವಿಚಾರ. ಸ್ವಲ್ಪ ಉದ್ದ ಇದೆ, ಊಟ ಆದ ಮೇಲೆ ನಿಧಾನಕ್ಕೆ ಓದಿ.

"ದಿನಾ ಜೇಬಲ್ಲಿ ಚಾಕು ಇಟ್ಕೊಂಡು ಓಡಾಡ್ತೀಯಲ್ಲಣ್ಣ, ಪೊಲೀಸರು ಹಿಡಿಯಲ್ವಾ?" ಅಂತ ಗುಬ್ಬಿ ಸಂತೇಲಿ ಇಬ್ಬರು ಮೂವರು ಕೇಳಿದರು. ಅದರಲ್ಲೊಬ್ಬ ಇಪ್ಪತ್ತೈದರ ಹುಡುಗ, ಎರಡೆಕರೆ ಅಡಿಕೆ ತೋಟ ಇರೋನು. ಅವನ ಜೇಬಲ್ಲಿ ಎರಡು ಮೊಬೈಲ್ ಇದ್ದವು, ಚಾಕು ಇರಲಿಲ್ಲ. ಗೊನೆ ಕಟ್ಟೋ ಹಗ್ಗ ಕತ್ತರಿಸೋಕೆ ಹಲ್ಲು ಹಾಕ್ತಿದ್ದ. ನಮ್ಮ ಅಪ್ಪಂದಿರ ಕಾಲದಲ್ಲಿ ಈ ಪ್ರಶ್ನೆ ಕೇಳೋರೇ ಇರಲಿಲ್ಲ. ಚಾಕು ಇಲ್ಲದ ರೈತನನ್ನ ಕಂಡರೆ "ಏನಪ್ಪ, ಬರಿಗೈಲಿ ಬಂದಿದೀಯ" ಅನ್ನೋರು. ಒಂದೇ ತಲೆಮಾರಲ್ಲಿ ಹೀಗೆ ಹೇಗೆ ಬದಲಾಯ್ತು ಅಂತ ಯೋಚಿಸ್ತಾ ಹೋದೆ. ನಮ್ಮ ಜಿಲ್ಲೆಯ ಮಣ್ಣಿನ ಕಥೆಯೇ ಸಿಕ್ಕಿತು.

ಮೊದಲು ನನ್ನ ಹತ್ರ ಏನಿದೆ ಹೇಳ್ತೀನಿ. ಸದಾಶಿವನಗರದ ಮನೇಲಿ ಒಂದು ಬಿಸ್ಕತ್ ಡಬ್ಬ ಇದೆ, ಅದರಲ್ಲಿ ಹದಿನಾಲ್ಕು ಚಾಕು. ಯಾವುದೂ ಅಂಗಡಿಯಿಂದ ಶೋಕಿಗೆ ತಂದದ್ದಲ್ಲ. ನಮ್ಮಜ್ಜನ ಅಡಕತ್ತರಿ ಎರಡು, ಅದರಲ್ಲೊಂದರ ಹಿಡಿ ಗಿಣಿ ಮೂತಿ ಥರ ಬಾಗಿದೆ. ಅಪ್ಪನ ಮಡಚೋ ಚಾಕು ಒಂದು, ಹಿಡಿ ಕೊಂಬಿನದು. ಎಲೆತೋಟದ ಕೆಲಸದೋರು ಬಳಸ್ತಿದ್ದ ಸಣ್ಣ ಬಾಗಿದ ಚಾಕು ಮೂರು. ಹುಣಸೆ ಮರದ ಹಿಡಿಯ ಚೂರಿ ನಾಲ್ಕು, ಒಂದೊಂದು ಒಂದೊಂದು ಕುಲುಮೇದು. ಉಳಿದವು ಕಸಿ ಚಾಕು, ಮತ್ತೆ ಗುಜರಿ ಅಂಗಡೀಲಿ ತೂಕಕ್ಕೆ ಬಿದ್ದಿದ್ದನ್ನ ನಾನು ಎತ್ತಿಕೊಂಡು ಬಂದವು. ದಿನಕ್ಕೊಂದು ಜೇಬಿಗೆ ಹೋಗುತ್ತೆ. ಬಳಸದೆ ಇಟ್ಟರೆ ತುಕ್ಕು ಹಿಡಿಯುತ್ತೆ, ಬಳಸಿದರೆ ಎಷ್ಟು ವರ್ಷ ಆದರೂ ಬದುಕಿರುತ್ತೆ.

ಹಿಂದೆ ಗಂಡಸರ ಸೊಂಟದಲ್ಲಿ ಎಲೆಅಡಿಕೆ ಸಂಚಿ ಇರೋದು. ಅದರಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ, ಹೊಗೆಸೊಪ್ಪು, ಅಡಕತ್ತರಿ. ಹೆಂಗಸರಿಗೂ ಸಂಚಿ ಇತ್ತು, ಅವರ ಅಡಕತ್ತರಿ ಸ್ವಲ್ಪ ಚಿಕ್ಕದು. ಇದರ ಜೊತೆಗೆ ಚಾಕು ಬೇರೆ. ಬೆಳಿಗ್ಗೆ ಹಲ್ಲುಜ್ಜೋಕೆ ಬೇವಿನ ಕಡ್ಡಿ ಸೀಳೋದರಿಂದ ಹಿಡಿದು ದನದ ಹಗ್ಗ, ಮಿಣಿ, ಬಾಳೆ ಎಲೆ, ಮುಳ್ಳು ತೆಗೆಯೋದು, ಮೂಟೆ ಬಿಚ್ಚೋದು, ಎಳನೀರಿನ ಕಣ್ಣು ಕೆತ್ತೋದು, ಎಲ್ಲ ಅದರಲ್ಲೇ. ಪುಣೆಯಲ್ಲಿ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಂ ಅಂತ ಒಂದಿದೆ, ಒಬ್ಬರೇ ಮನುಷ್ಯ ಊರೂರು ತಿರುಗಿ ಜನರ ಮನೆ ಸಾಮಾನು ಕೂಡಿಸಿ ಕಟ್ಟಿದ್ದು. ಅಲ್ಲಿ ಅಡಕತ್ತರಿಗಳನ್ನೇ ಸಾಲಾಗಿ ಜೋಡಿಸಿ ಇಟ್ಟಿದ್ದಾರೆ. ನಾವು ಅದೇ ಸಾಮಾನನ್ನ ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕ್ತಾ ಇದೀವಿ.

ಈಗ ಅಸಲು ವಿಷಯ. ಈ ಚಾಕುಗಳ ಕಬ್ಬಿಣ ಎಲ್ಲಿಂದ ಬರ್ತಿತ್ತು?

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಮೈಸೂರು ಸೀಮೇಲಿ ಏನೇನು ಬೆಳೆಯುತ್ತೆ, ಏನೇನು ತಯಾರಾಗುತ್ತೆ ಅಂತ ತಿಳ್ಕೊಂಡು ಬಾ ಅಂತ ಗವರ್ನರ್ ಜನರಲ್ ವೆಲ್ಲೆಸ್ಲಿ ಒಬ್ಬ ಡಾಕ್ಟರನ್ನ ಕಳಿಸಿದ. ಹೆಸರು ಫ್ರಾನ್ಸಿಸ್ ಬುಕನನ್. 1800ರಲ್ಲಿ ಮದ್ರಾಸಿಂದ ಹೊರಟು ನಮ್ಮ ಕಡೆಯೆಲ್ಲ ಓಡಾಡಿ ಬರೆದ, 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟ ಅಚ್ಚಾಯ್ತು. ನನ್ನ ಮಗಳು ಮೊಬೈಲಲ್ಲಿ ಆ ಪುಸ್ತಕ ತೆಗೆದು ನಮ್ಮ ಜಿಲ್ಲೆ ಭಾಗ ಓದಿ ಹೇಳಿದಳು. ರಾಗಿ, ಭತ್ತ, ಅಡಿಕೆ ಬಗ್ಗೆ ಬರೆದ ಹಾಗೇ ಕಬ್ಬಿಣದ ಬಗ್ಗೆಯೂ ಬರೆದಿದ್ದಾನೆ. ಮಧುಗಿರಿ, ಚನ್ನರಾಯನದುರ್ಗ, ಹಾಗಲವಾಡಿ, ದೇವರಾಯನದುರ್ಗ ಈ ನಾಲ್ಕೂ ಸೀಮೇಲಿ ಕಬ್ಬಿಣ ಕರಗಿಸ್ತಾರೆ ಅಂತ. ಮೊದಲೆರಡು ಕಡೆ ಮಳೆಗಾಲದಲ್ಲಿ ಬಂಡೆ ಮೇಲಿಂದ ಹರಿದು ಬರೋ ಹಳ್ಳದ ಕಪ್ಪು ಮರಳಿಂದ. ಉಳಿದೆರಡು ಕಡೆಗೆ ಬೇಕಾದ ಅದಿರು ಕಲ್ಲು ಮೂಗನಾಯಕನಕೋಟೆ ಹತ್ತಿರದ ಗುಡ್ಡದ್ದು. ಮೂಗನಾಯಕನಕೋಟೆ ನಮ್ಮ ಗುಬ್ಬಿ ತಾಲ್ಲೂಕೇ ಅಲ್ವಾ!

ನಂಬಿಕೆ ಬರದಿದ್ದರೆ ಮಧುಗಿರಿ ಕಡೆ ಹೋದಾಗ ಜೋರು ಮಳೆ ಆದ ಮಾರನೇ ದಿನ ಹಳ್ಳದ ತಿರುವಲ್ಲಿ ನೋಡಿ. ಬಿಳಿ ಮರಳ ಮೇಲೆ ಕಪ್ಪು ಗೆರೆ ಎಳೆದ ಹಾಗೆ ಮರಳು ಕೂತಿರುತ್ತೆ. ಹಳೇ ಸ್ಪೀಕರಿನ ಆಯಸ್ಕಾಂತ ಹಿಡಿದರೆ ಗಡ್ಡದ ಥರ ಅಂಟಿಕೊಳ್ಳುತ್ತೆ. ಆ ಮರಳನ್ನ ತೊಳೆದು, ಇದ್ದಿಲ ಜೊತೆ ಕುಲುಮೆಗೆ ಹಾಕಿ, ತಿದಿ ಒತ್ತಿ ಕಬ್ಬಿಣ ಇಳಿಸ್ತಿದ್ದರು.

ಆದರೆ ಬರೀ ಕಬ್ಬಿಣದಲ್ಲಿ ಚಾಕು ಆಗಲ್ಲ. ಕಬ್ಬಿಣ ಮೆತ್ತಗೆ, ಬಾಯಿ ನಿಲ್ಲಲ್ಲ. ಗುಳ, ಪಟ್ಟಿ, ಮೊಳೆಗೆ ಆಗುತ್ತೆ. ಅಲಗಿಗೆ ಉಕ್ಕು ಬೇಕು. ಕುಣಿಗಲ್ಲಿನ ಪಕ್ಕದ ಮಾಗಡಿ ಸೀಮೇಲಿ ಉಕ್ಕು ಮಾಡೋದನ್ನ ಬುಕನನ್ ವಿವರವಾಗಿ ಬರೆದಿದ್ದಾನೆ. ಹಸಿ ಮಣ್ಣಿನ ಚಿಕ್ಕ ಮೂಸೆ ಮಾಡೋದು. ಅದರೊಳಗೆ ಕಬ್ಬಿಣದ ತುಂಡು, ಅದರ ಜೊತೆ ತಂಗಡಿ ಗಿಡದ ಕಡ್ಡಿ ಚೂರು, ಮೇಲೆ ಹಸಿರೆಲೆ. ಬಾಯಿಗೆ ಮಣ್ಣು ಮೆತ್ತಿ ಮುಚ್ಚಿ, ಹತ್ತಾರು ಮೂಸೆ ಒಟ್ಟಿಗೆ ಜೋಡಿಸಿ ಇದ್ದಿಲ ಬೆಂಕೀಲಿ ಗಂಟೆಗಟ್ಟಲೆ ತಿದಿ ಒತ್ತೋದು. ಆರಿದ ಮೇಲೆ ಮೂಸೆ ಒಡೆದರೆ ತಳದಲ್ಲಿ ಉಕ್ಕಿನ ಉಂಡೆ.

ತಂಗಡಿ ಗೊತ್ತಲ್ಲ, ಬದುವಿನ ಮೇಲೆ ಹಳದಿ ಹೂ ಬಿಡುತ್ತೆ, ದನ ಮುಟ್ಟಲ್ಲ. ನಾವು ಕಳೆ ಅಂತ ಕೊಚ್ಚಿ ಹಾಕ್ತೀವಿ. ಕೆಲವು ಸೀಮೇಲಿ ಎಕ್ಕದೆಲೆಯನ್ನೂ ಹಾಕ್ತಿದ್ದರು ಅಂತ ಬೇರೆ ಇಂಗ್ಲಿಷರು ಆಮೇಲೆ ಬರೆದಿದ್ದಾರೆ. ಕಡ್ಡಿ, ಎಲೆ ಸುಟ್ಟು ಅದರ ಇಂಗಾಲ ಕಬ್ಬಿಣಕ್ಕೆ ಹಿಡಿಯುತ್ತೆ. ಇಂಗಾಲ ಸೇರಿದ ಹಾಗೆ ಕಬ್ಬಿಣ ಕಡಿಮೆ ಶಾಖಕ್ಕೇ ಕರಗುತ್ತೆ, ಆರಿದ ಮೇಲೆ ಗಟ್ಟಿಯಾಗುತ್ತೆ. ನೂರಕ್ಕೆ ಒಂದೂವರೆ ಭಾಗದ ಆಸುಪಾಸು ಇಂಗಾಲ ಇರೋ ಉಕ್ಕು ಅದು. ಅವರಿಗೆ ಇಂಗಾಲ ಅನ್ನೋ ಪದ ಗೊತ್ತಿರಲಿಲ್ಲ, ಎಷ್ಟು ಕಡ್ಡಿ ಹಾಕಬೇಕು ಅನ್ನೋದು ಗೊತ್ತಿತ್ತು. ಗೊಬ್ಬರದ ಪ್ಯಾಕೆಟ್ ಮೇಲಿನ ಅಕ್ಷರ ಓದಲು ಬಾರದಿದ್ದರೂ ಎಷ್ಟು ಹಾಕಬೇಕು ಅಂತ ಕೈಯಲ್ಲೇ ತೂಗೋ ಹಿರಿಯರಿದ್ದಾರಲ್ಲ, ಹಾಗೆ. ಚನ್ನಪಟ್ಟಣದಲ್ಲಿ ಇಂಥ ಉಕ್ಕಿನಿಂದ ವಾದ್ಯಗಳ ತಂತಿ ಎಳೀತಿದ್ದರು, ಅದು ದೂರದ ಊರುಗಳಿಗೆಲ್ಲ ಹೋಗ್ತಿತ್ತು.

ಇದಕ್ಕೂ ಜೇಬಿನ ಚಾಕಿಗೂ ಏನು ಸಂಬಂಧ ಅಂದರೆ, ಕೇಳಿ. 1794ರಲ್ಲಿ ಬೊಂಬಾಯಿಂದ ಹೆಲೆನಸ್ ಸ್ಕಾಟ್ ಅನ್ನೋ ಡಾಕ್ಟರು ಈ ದೇಶದ ಉಕ್ಕಿನ ಉಂಡೆಗಳನ್ನ ಲಂಡನ್ನಿನ ರಾಯಲ್ ಸೊಸೈಟಿ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. ಅದರ ಮೇಲೆ ಜಾರ್ಜ್ ಪಿಯರ್ಸನ್ 1795ರಲ್ಲಿ ಪ್ರಬಂಧ ಓದಿದ. ಅದರಲ್ಲಿ ಆ ಉಕ್ಕಿಗೆ ಕೊಟ್ಟಿರೋ ಹೆಸರು "ವೂಟ್ಸ್". ಇದು ನಮ್ಮ "ಉಕ್ಕು" ಪದವೇ ಅವರ ಬಾಯಲ್ಲಿ ತಿರುಚಿಕೊಂಡಿದ್ದು ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ತೆಲುಗರಲ್ಲೂ ಉಕ್ಕು ಅಂತಲೇ ಇದೆ. ಆ ಉಂಡೆ ಯಾವ ಊರಿನ ಕುಲುಮೆಯದು ಅಂತ ಪ್ರಬಂಧ ಹೇಳಲ್ಲ, ಆದರೆ ಹೆಸರು ಮಾತ್ರ ನಮ್ಮ ನಾಲಿಗೇದು.

ಉಕ್ಕು ಹೇಗಿದೆ ಅಂತ ಪರೀಕ್ಷೆ ಮಾಡೋಕೆ ಅವರು ಮಾಡಿಸಿದ್ದು ಕತ್ತಿಯಲ್ಲ, ಫಿರಂಗಿಯಲ್ಲ. ಪೆನ್ ಚಾಕು! ಆಗ ಹಕ್ಕಿ ಗರಿ ಕೆತ್ತಿ ಬರೀತಿದ್ದರು, ಅದಕ್ಕೆ ಜೇಬಲ್ಲಿ ಸಣ್ಣ ಚಾಕು ಬೇಕಿತ್ತು. ಲಂಡನ್ನಿನ ಸ್ಟೋಡಾರ್ಟ್ ಅನ್ನೋ ಚಾಕು ಕಸುಬುದಾರ ಅದನ್ನ ಬಡಿದು ಕೊಟ್ಟ. ಅತ್ಯುತ್ತಮ ಉಕ್ಕಿನ ಚಾಕಿನಷ್ಟೇ ಚೆನ್ನಾಗಿ ಕುಯ್ಯುತ್ತೆ ಅಂತ ಪ್ರಬಂಧದಲ್ಲೇ ದಾಖಲಾಗಿದೆ. ಆ ಸ್ಟೋಡಾರ್ಟ್ ಆಮೇಲೆ ತನ್ನ ಅಂಗಡಿ ಚೀಟಿ ಮೇಲೇ ವೂಟ್ಸ್ ಹೆಸರು ಅಚ್ಚು ಹಾಕಿಸಿ, ಯೂರೋಪಿನ ಉಕ್ಕಿಗಿಂತ ನನಗೆ ಇದೇ ಇಷ್ಟ ಅಂತ ಹೇಳ್ಕೊಂಡ. ಕಮ್ಮಾರನ ಮಗ ಮೈಕೇಲ್ ಫ್ಯಾರಡೆ, ನಮ್ಮ ಮೋಟರು ಪಂಪಿಗೆ ಮೂಲಪುರುಷ ಅನ್ನಬಹುದಾದವನು, 1819ರ ನಂತರ ಇದೇ ಸ್ಟೋಡಾರ್ಟ್ ಜೊತೆ ಸೇರಿ ವೂಟ್ಸ್ ಗುಟ್ಟು ಹುಡುಕ್ತಾ ಕೂತ.

ಹಾಗಾದರೆ ಆ ಕುಲುಮೆಗಳೆಲ್ಲ ಏನಾದವು? ಒಂದೇ ದಿನದಲ್ಲಿ ಆರಲಿಲ್ಲ. ಇಂಗ್ಲೆಂಡಿನಿಂದ ಕಬ್ಬಿಣದ ಪಟ್ಟಿ, ಉಕ್ಕಿನ ಸರಳು ಅಗ್ಗವಾಗಿ ಬಂದವು. 1884ರಲ್ಲಿ ಬೆಂಗಳೂರಿಂದ ತುಮಕೂರಿಗೆ ರೈಲು ಬಂತು, ಅದರ ಜೊತೆ ಆ ಸಾಮಾನೂ ಸಂತೆವರೆಗೆ ಬಂತು. ಇದ್ದಿಲಿಗೆ ಕಾಡು ಬೇಕಿತ್ತು, ಕಾಡಿನ ಮೇಲೆ ಸರ್ಕಾರದ ಕಟ್ಟಳೆ ಬಂತು. ಮರಳು ತೊಳೆದು ಉಂಡೆ ಮಾಡೋ ಕೂಲಿ ಹುಟ್ಟದೆ ಹೋಯ್ತು. ವಿಶ್ವೇಶ್ವರಯ್ಯನೋರ ಕಾಲಕ್ಕೆ ಮೈಸೂರು ಸರ್ಕಾರ ಭದ್ರಾವತಿಯಲ್ಲಿ ಕಾರ್ಖಾನೆ ಕಟ್ಟಿತು, 1923ರಲ್ಲಿ ಅಲ್ಲಿ ಕಬ್ಬಿಣ ಬಂತು. ಅದೂ ಇದ್ದಿಲಲ್ಲೇ. ಅಷ್ಟೊತ್ತಿಗೆ ಹಳ್ಳಿ ಕುಲುಮೆಯೋರು ಕಬ್ಬಿಣ ಇಳಿಸೋದು ಬಿಟ್ಟು ತಂದ ಕಬ್ಬಿಣ ಬಡಿಯೋರಾಗಿದ್ದರು.

ಆದರೂ ಹದ ಮಾತ್ರ ಅವರ ಕೈಲೇ ಉಳೀತು. ನಾನು ಕಂಡ ಕುಲುಮೆ ಅದು. ನಮ್ಮೂರಲ್ಲಿ ಆಚಾರ್ರಿಗೆ ದುಡ್ಡು ಕೊಡ್ತಿರಲಿಲ್ಲ, ಸುಗ್ಗೀಲಿ ಕಣದಲ್ಲೇ ಆಯ ಅಳೀತಿದ್ದರು. ವರ್ಷವಿಡೀ ಗುಳ ಕಾಸೋದು, ಕುಡ್ಲು ಹಲ್ಲು ಕುಯ್ಯೋದು, ಚಾಕು ಮಾಡೋದು ಅವರ ಪಾಲು. ರಾಗಿ ಕೊಡೋದು ನಮ್ಮ ಪಾಲು. ಲಾರಿ ಬಂದ ಮೇಲೆ ಮುರಿದ ಕಮಾನು ಪಟ್ಟಿ ಉಕ್ಕಿನ ಗಣಿಯಾಯ್ತು. ಇವತ್ತಿಗೂ ಒಳ್ಳೇ ಮಚ್ಚು ಬೇಕು ಅಂದರೆ "ಪಟ್ಟೀದು ಮಾಡಿಕೊಡಿ" ಅಂತಲೇ ಕೇಳ್ತೀವಿ.

ಹದ ಹೇಗೆ ಅಂತ ಬರೆದಿಡ್ತೀನಿ, ಯಾಕಂದ್ರೆ ಇನ್ನು ಹತ್ತು ವರ್ಷಕ್ಕೆ ತೋರಿಸೋರು ಇರ್ತಾರೋ ಇಲ್ವೋ. ಅಲಗನ್ನ ಕೆಂಪಗೆ ಕಾಸಿ ಬಾಯಿ ಕಡೆ ಮಾತ್ರ ನೀರಿಗೆ ಅದ್ದೋದು. ಆಗ ಅದು ಗಾಜಿನಷ್ಟು ಗಟ್ಟಿ, ಬಿದ್ದರೆ ಒಡೆಯುತ್ತೆ. ತಕ್ಷಣ ಕಲ್ಲಿಗೆ ಉಜ್ಜಿ ಹೊಳಪು ಬರಿಸಿ ನೋಡ್ತಾ ಕೂರಬೇಕು. ಬೆನ್ನಿನ ಕಡೆ ಉಳಿದ ಶಾಖ ಬಾಯಿ ಕಡೆಗೆ ಹರೀತಾ ಬಣ್ಣ ಓಡುತ್ತೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಚಾಕಿಗೆ ಹಳದಿ ಬಾಯಿಗೆ ಬಂದ ಗಳಿಗೇಲಿ ಮತ್ತೆ ನೀರಿಗೆ. ಏಟು ತಿನ್ನೋ ಮಚ್ಚಿಗೆ ಇನ್ನೂ ಸ್ವಲ್ಪ ತಡೆದು. ಕಣ್ಣು ಮಿಟುಕಿಸೋಷ್ಟರಲ್ಲಿ ಹದ ಕೆಡುತ್ತೆ. ಅದಕ್ಕೇ ಕುಲುಮೆ ಯಾವಾಗಲೂ ನೆರಳಲ್ಲೇ, ಸ್ವಲ್ಪ ಕತ್ತಲಲ್ಲೇ ಇರೋದು. ಬಿಸಿಲಲ್ಲಿ ಬಣ್ಣ ಕಾಣಲ್ಲ.

ಈಗ ಕಾನೂನಿನ ಕಥೆ. 1857ರ ದಂಗೆ ಆದ ಮೇಲೆ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ಕೊಳ್ಳೋ ಕಾಯ್ದೆ ತಂದರು, 1878ರಲ್ಲಿ ಇಡೀ ದೇಶಕ್ಕೆ ಆಯುಧ ಕಾಯ್ದೆ ಮಾಡಿದರು. ನಮ್ಮ ರಾಜ್ಯದಲ್ಲಿ ಇದರಿಂದ ಹೊರಗುಳಿದೋರು ಕೊಡಗಿನವರು. 1861ರಲ್ಲಿ ಮಾರ್ಕ್ ಕಬ್ಬನ್ ಕಾಲದಲ್ಲಿ ಅವರಿಗೆ ವಿನಾಯ್ತಿ ಸಿಕ್ಕಿತು. ಸ್ವಾತಂತ್ರ್ಯದ ಮೇಲೂ ಮುಂದುವರೀತು, 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿ ಹಿಡೀತು. ಕೊಡವ ಗಂಡಸು ಕುಪ್ಯ ತೊಟ್ಟು, ಕೆಂಪು ರೇಷ್ಮೆ ಚೇಲೆ ಬಿಗಿದು, ಅದರಲ್ಲಿ ಪೀಚೆಕತ್ತಿ ಸಿಗಿಸಿದರೆ ಯಾರೂ ರೌಡಿ ಅನ್ನಲ್ಲ, ಮದುವೆ ಗಂಡು ಅಂತಾರೆ. ಅವರ ಕೈಲ್‌ಪೊಳ್ದ್ ಹಬ್ಬ ಬರೋದು ನಾಟಿ ಕೆಲಸ ಮುಗಿದ ಮೇಲೆ. ಕೋವಿ ಕತ್ತಿ ಪೂಜೆ ಮಾಡಿ ಆಮೇಲೆ ಕೈಗೆ ತಗೊಳ್ತಾರೆ. ಅಲ್ಲೂ ಕತ್ತಿಗೂ ಗದ್ದೆಗೂ ನಂಟು ಇದೆ. ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ 25ನೇ ವಿಧಿಯಲ್ಲೇ ಜಾಗ ಇದೆ.

ನಮಗೆ? ನಮಗೆ ಹಬ್ಬದ ಹೆಸರಲ್ಲಿ, ಕುಲದ ಹೆಸರಲ್ಲಿ ವಿನಾಯ್ತಿ ಇಲ್ಲ. ಆದರೆ ಕೆಲಸದ ಹೆಸರಲ್ಲಿ ಇದೆ, ಇದನ್ನ ಬಹಳ ಜನ ತಿಳಿದಿಲ್ಲ. 1959ರ ಆಯುಧ ಕಾಯ್ದೆಯೇ ಮನೆಬಳಕೆಗೆ, ಬೇಸಾಯಕ್ಕೆ ಅಂತಲೇ ಮಾಡಿದ ಸಾಮಾನನ್ನ "ಆಯುಧ" ಅನ್ನೋ ಅರ್ಥದಿಂದ ಹೊರಗಿಟ್ಟಿದೆ. ನಿಯಮಗಳ ಪಟ್ಟಿಯಲ್ಲಿ ಬರೋ ಚಾಕು ಅಂದರೆ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರೋದು, ಅದರಲ್ಲೂ ಮನೆ, ಬೇಸಾಯ, ಕಸುಬಿನ ಸಾಮಾನು ಬಿಟ್ಟು. ನನ್ನ ಜೇಬಿನ ಚಾಕಿನ ಅಲಗು ಮೂರು ಇಂಚೂ ಇಲ್ಲ.

ಹಾಗಂತ ಎಲ್ಲೆಂದರಲ್ಲಿ ತೆಗೆಯೋದಲ್ಲ. ಹೆದರಿಸೋಕೆ ಹಿಡಿದರೆ ಎಷ್ಟು ಚಿಕ್ಕದಾದರೂ ಅಪರಾಧವೇ. ಕೋರ್ಟು, ವಿಮಾನ, ದೊಡ್ಡ ಸಭೆಗೆ ಹೋಗುವಾಗ ಮನೇಲಿ ಬಿಟ್ಟು ಹೋಗಿ. ಜಿಲ್ಲೇಲಿ ನಿಷೇಧಾಜ್ಞೆ ಹಾಕಿದಾಗ, ಹಿಂದೆ 144 ಅಂತಿದ್ವಲ್ಲ, 2024ರ ಜುಲೈಯಿಂದ ಹೊಸ ಕಾನೂನಲ್ಲಿ 163ನೇ ಕಲಂ, ಆ ಆದೇಶದಲ್ಲಿ ಏನು ಬರೆದಿದೆ ನೋಡ್ಕೊಳ್ಳಿ. ಬಟನ್ ಒತ್ತಿದರೆ ಚಿಮ್ಮೋ ಚಾಕು ರೈತನಿಗೆ ಬೇಕಾಗೇ ಇಲ್ಲ, ಅದನ್ನ ಮುಟ್ಟಬೇಡಿ. ಮಚ್ಚು ತಗೊಂಡು ಹೋಗುವಾಗ ಗೋಣಿ ಸುತ್ತಿ, ಹಗ್ಗ ಬುಟ್ಟಿ ಜೊತೆ ಇಡಿ. ನೋಡಿದೋರಿಗೆ ಕೆಲಸಕ್ಕೆ ಹೋಗ್ತಾ ಇದಾನೆ ಅಂತ ತಿಳಿಯುತ್ತೆ.

ಇಷ್ಟೆಲ್ಲ ಹೇಳಬೇಕಾಗಿ ಬಂದಿದ್ದು ಯಾಕೆ ಅಂದರೆ, ಜನ ನೋಡೋ ಕಣ್ಣು ಬದಲಾಗಿದೆ. 1995ರ "ಓಂ", 2005ರ "ಜೋಗಿ" ಥರದ ಸಿನಿಮಾ ಬಂದು ಲಾಂಗು ಮಚ್ಚು ಅಂದರೆ ಸಿಟಿ ಹುಡುಗರಿಗೆ ರೌಡಿಯೇ ನೆನಪಾಗೋದು. ಸಿನಿಮಾ ನಾನೂ ನೋಡಿದೀನಿ, ದೂರಲ್ಲ. ಆದರೆ ಪೇಪರಲ್ಲಿ "ಮಾರಕಾಸ್ತ್ರ" ಅಂತ ಬರೆಯೋ ಆ ಮಚ್ಚು ಎಳನೀರು ಕೆತ್ತಿ ಸಂಸಾರ ಸಾಕ್ತಾ ಇರೋದು ಯಾರಿಗೂ ನೆನಪಾಗಲ್ಲ. ಒಂದು ಕಚೇರಿ ಬಾಗಿಲಲ್ಲಿ ಕಾವಲಿನವನು ನನ್ನ ಅಡಕತ್ತರಿ ತೆಗೆದು ಮೇಲೆ ಕೆಳಗೆ ತಿರುಗಿಸಿ "ಇದೇನು ವೆಪನ್ನು" ಅಂದ. ಅವನದೂ ಹಳ್ಳಿ ಕಡೆಯೋರ ಮಾತೇ. ಅವನ ಅಜ್ಜಿ ಸಂಚೀಲೂ ಅದು ಇದ್ದಿರುತ್ತೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಬಾಗಿಲು ಕಾಯೋದು ಅವನ ಕೆಲಸ. ಆದರೆ ಮೂರು ತಲೆಮಾರು ಬಳಸಿದ ಸಾಮಾನಿನ ಹೆಸರೇ ಮರೆತು ಹೋಗೋದು ಎಷ್ಟು ಸಲೀಸು ಅಂತ ಅವತ್ತು ಗೊತ್ತಾಯ್ತು.

ನನಗೆ ಚಿಂತೆ ಇರೋದು ಚಾಕಿನದಲ್ಲ, ಕುಲುಮೇದು. ಇಪ್ಪತ್ತು ರೂಪಾಯಿಗೆ ಪ್ಲಾಸ್ಟಿಕ್ ಹಿಡಿಯ ಚಾಕು ಸಿಗುವಾಗ ಆಚಾರ್ರ ಹತ್ರ ಯಾರು ಹೋಗ್ತಾರೆ? ಅದು ಮಂಡ ಆದರೆ ಬಿಸಾಕಿ ಇನ್ನೊಂದು ತರ್ತಾರೆ. ನಮ್ಮ ಸುತ್ತ ನಾನು ಹುಡುಗನಾಗಿದ್ದಾಗ ನಾಲ್ಕು ಕುಲುಮೆ ಹೊಗೆ ಕಾಣ್ತಿತ್ತು, ಈಗ ಒಂದೇ. ಅವರ ಮಗ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಒಳ್ಳೇ ಕೆಲಸವೇ, ಗೇಟು ಗ್ರಿಲ್ಲು ಚೆನ್ನಾಗಿ ಮಾಡ್ತಾನೆ. ಆದರೆ ಬಣ್ಣ ನೋಡಿ ಹದ ಹಾಕೋದು ಅವನಿಗೆ ಬರಲ್ಲ, ಕಲಿಯೋಕೆ ಗಿರಾಕಿಯೂ ಇಲ್ಲ. ಒಂದು ಸಲ ಹೀಗೇ ಆಗಿ ಮೂಸೆಯ ಉಕ್ಕಿನ ವಿದ್ಯೆ ಕಳ್ಕೊಂಡಿದೀವಿ. ಲಂಡನ್ನಿನೋರು ಪ್ರಯೋಗ ಮಾಡಿ ಬರೆದಿಟ್ಟಿದ್ದರಿಂದ ನಮಗೆ ಅದು ಇತ್ತು ಅನ್ನೋದಾದರೂ ಗೊತ್ತಾಯ್ತು. ಹದದ ವಿದ್ಯೆ ಬರೆದಿಡೋರು ಯಾರು?

ಚಾಕಿಗೆ ಕೆಲಸವೇನೂ ಕಡಿಮೆಯಾಗಿಲ್ಲ. ಚೇಳೂರಿನ ಸಿದ್ದು ಹಲಸು ನಮ್ಮ ತಾಲ್ಲೂಕಿನ ಹೆಮ್ಮೆ, ಹಿರೇಹಳ್ಳಿ ಕೇಂದ್ರದೋರು ಕಸಿ ಗಿಡ ಮಾಡಿ ಊರೂರಿಗೆ ಮುಟ್ಟಿಸ್ತಾ ಇದಾರೆ. ಆ ಕಸಿ ಕೂರೋದು ಚಾಕಿನ ಬಾಯಿ ಮೇಲೆ. ಕೊಯ್ದ ಗಾಯ ನುಣುಪಾಗಿದ್ದರೆ ಎರಡು ಕಡ್ಡಿ ಅಂಟುತ್ತೆ, ಮಂಡ ಚಾಕಲ್ಲಿ ಜಜ್ಜಿದರೆ ಕೊಳೆಯುತ್ತೆ. ಕಮ್ಮಾರನ ಹದವೇ ಹಲಸಿನ ಗಿಡದ ಜೀವ ಉಳಿಸೋದು. ನಾನು ಕಸಿಗೆ ಬಳಸೋದು ಪಟ್ಟಿ ಉಕ್ಕಿನ ಚಾಕು. ಒಂದು ಸಲ ಮಸೆದರೆ ನೂರು ಕಡ್ಡಿ ಕುಯ್ಯುತ್ತೆ.

ಅದಕ್ಕೆ ಮೂರು ಮಾತು ಕೇಳ್ಕೊಳ್ತೀನಿ. ಒಂದು, ಈ ಆಯುಧ ಪೂಜೆಗೆ ಟ್ರ್ಯಾಕ್ಟರಿಗೆ ಹೂವು ಹಾಕುವಾಗ ಅಟ್ಟದ ಮೇಲಿರೋ ಹಳೇ ಚಾಕು, ಅಡಕತ್ತರಿ, ಕುಡ್ಲು ಇಳಿಸಿ, ಎಣ್ಣೆ ಹಚ್ಚಿ ಜೊತೆಗಿಡಿ. ಎರಡು, ಗುಜರಿಗೆ ಹಾಕೋ ಮುಂಚೆ ಮನೇಲಿ ಹಿರಿಯರಿದ್ದರೆ ಯಾರು ಮಾಡಿದ್ದು, ಯಾವ ಊರ ಕುಲುಮೆ, ಏನಕ್ಕೆ ಬಳಸ್ತಿದ್ದರು ಅಂತ ಕೇಳಿ ಒಂದು ಚೀಟೀಲಿ ಬರೆದು ಹಿಡಿಗೆ ಕಟ್ಟಿ. ನನ್ನ ಹದಿನಾಲ್ಕರಲ್ಲಿ ಐದಕ್ಕೆ ಮಾತ್ರ ಅಂಥ ಚೀಟಿ ಇದೆ, ಉಳಿದವನ್ನ ಹೇಳೋರು ಈಗಿಲ್ಲ. ಮೂರು, ಸುಗ್ಗಿಗೆ ಮುಂಚೆ ಹೊಸ ಚಾಕು ಬೇಕಾದರೆ ಹತ್ತಿರದಲ್ಲಿ ಹೊಗೆ ಆಡೋ ಕುಲುಮೆ ಇದ್ದರೆ ಅಲ್ಲೇ ಮಾಡಿಸಿ. ಮಾಡುವಾಗ ಮಗನನ್ನೋ ಮಗಳನ್ನೋ ಕರ್ಕೊಂಡು ಹೋಗಿ ನಿಂತು ನೋಡಿ. ಹುಲ್ಲಿನ ಬಣ್ಣ ಓಡೋದನ್ನ ಒಂದು ಸಲ ಕಂಡ ಮಗು ಚಾಕನ್ನ ಆಟಕ್ಕೂ ಜಗಳಕ್ಕೂ ತೆಗೆಯಲ್ಲ.

ಗುಬ್ಬಿ, ಕುಣಿಗಲ್, ಹಾಗಲವಾಡಿ ಕಡೆ ಇನ್ನೂ ಕುಲುಮೆ ನಡೆಸ್ತಾ ಇರೋರು ಗೊತ್ತಿದ್ದರೆ ಸಂತೇಲಿ ಸಿಕ್ಕಾಗ ಹೇಳಿ. ನಾನೂ ಎರಡು ಕಮಾನು ಪಟ್ಟಿ ಎತ್ತಿಟ್ಟಿದೀನಿ, ರಾಗಿ ಕುಯ್ಲಿಗೆ ಮುಂಚೆ ಕೊಡಬೇಕು.